ಕಂಪ್ಯೂಟರ್ ಆನ್ ಆಗ್ತಿಲ್ವಾ? ಗೋಡೆಯ ಪ್ಲಗ್‌ನಿಂದ ವಿಂಡೋಸ್‌ವರೆಗೆ ಹುಡುಕುವ ದಾರಿ

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಡೆಸ್ಕ್‌ಟಾಪ್ ಕಂಪ್ಯೂಟರ್‌ಗೆ ಮೂರು ಶತ್ರುಗಳು: ಬಿಸಿಲು, ಧೂಳು, ಮತ್ತೆ ಮತ್ತೆ ಹೋಗಿ ಬರುವ ಕರೆಂಟು. ಏಪ್ರಿಲ್, ಮೇನಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಸಂಡೂರಿನ ಕಡೆ ಕೆಂಪು ಅದಿರಿನ ಧೂಳು, ರಾಯಚೂರಿನಲ್ಲಿ ಹತ್ತಿಯ ಎಳೆ, ಗಂಗಾವತಿ ಮತ್ತು ಸಿಂಧನೂರಿನಲ್ಲಿ ರೈಸ್ ಮಿಲ್‌ನ ತೌಡು. ಬೆಂಗಳೂರಿನ ಎ.ಸಿ. ಆಫೀಸಿನಲ್ಲಿ ಕೂತವರು ಬರೆದ ಸಲಹೆಗಳಲ್ಲಿ ಇವು ಯಾವುವೂ ಬರುವುದಿಲ್ಲ.

ಕಂಪ್ಯೂಟರ್ ಆನ್ ಆಗದಿದ್ದರೆ ನಮ್ಮಲ್ಲಿ ಕೇಳಿಬರುವ ಮಾತು ಎರಡೇ. ಒಂದು, "ಮದರ್‌ಬೋರ್ಡ್ ಹೋಗಿದೆ". ಇನ್ನೊಂದು, "ಫಾರ್ಮ್ಯಾಟ್ ಹೊಡೆದುಬಿಡೋಣ". ಎರಡನ್ನೂ ಕೊನೆಗೆ ಇಟ್ಟುಕೊಳ್ಳಿ. ಬಹಳ ಸಲ ದೋಷ ಇರುವುದು ಕೇಬಲ್‌ನಲ್ಲಿ, ರ‍್ಯಾಮ್‌ನಲ್ಲಿ, ಎಸ್‌ಎಂಪಿಎಸ್‌ನಲ್ಲಿ, ಇಲ್ಲವೇ ಒಂದು ಸಣ್ಣ ಬ್ಯಾಟರಿಯಲ್ಲಿ. (ಎಸ್‌ಎಂಪಿಎಸ್ ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದಷ್ಟಕ್ಕೆ ಇಳಿಸಿ ಕೊಡುವ ಪೆಟ್ಟಿಗೆ, ರ‍್ಯಾಮ್ ಅಂದರೆ ಬೋರ್ಡಿನ ಮೇಲೆ ಕೂರುವ ಮೆಮೊರಿ ಪಟ್ಟಿ.) ಅದನ್ನು ಹುಡುಕಲು ಬೇಕಾಗಿದ್ದು ಒಂದು ಸ್ಟಾರ್ ಸ್ಕ್ರೂಡ್ರೈವರ್, ಒಂದು ಮೃದುವಾದ ಬ್ರಷ್, ಪೆನ್ಸಿಲ್ ರಬ್ಬರ್, ಸಾಧ್ಯವಾದರೆ ಒಂದು ಮಲ್ಟಿಮೀಟರ್. ಮತ್ತೆ ಸ್ವಲ್ಪ ತಾಳ್ಮೆ.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಎಲ್ಲಿ ನಿಂತಿದೆ?

"ಆನ್ ಆಗ್ತಿಲ್ಲ" ಅಂದರೆ ಸಾಲದು. ಬಟನ್ ಒತ್ತಿ ಒಂದು ನಿಮಿಷ ಸುಮ್ನೆ ನೋಡಿ, ಕಿವಿಗೊಟ್ಟು ಕೇಳಿ.

ಬಟನ್ ಒತ್ತಿದರೂ ಲೈಟಿಲ್ಲ, ಸದ್ದಿಲ್ಲ, ಫ್ಯಾನಿಲ್ಲ ಅಂದರೆ ಕರೆಂಟಿನ ದಾರಿಯಲ್ಲಿ ತೊಂದರೆ. ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು ಅಂದರೆ ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್ ಅಥವಾ ಮಾನಿಟರ್ ಕಡೆ ನೋಡಬೇಕು. ಆನ್ ಆಗಿ ಸ್ವಲ್ಪ ಹೊತ್ತಿಗೆ ತಾನೇ ಆಫ್ ಆದರೆ ಮೊದಲ ಅನುಮಾನ ಬಿಸಿಯ ಮೇಲೆ. ಕಂಪನಿಯ ಲೋಗೋ ಬಂದು ಅಲ್ಲೇ ನಿಂತರೆ, ಅಥವಾ ಇಂಗ್ಲಿಷಿನಲ್ಲಿ ಏನೋ ಒಂದು ಸಾಲು ಬಂದರೆ, ಡಿಸ್ಕ್ ಅಥವಾ ವಿಂಡೋಸ್‌ನ ಕಥೆ. ಆ ಸಾಲಿನ ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಕ್ಯಾಬಿನೆಟ್ ಬಿಚ್ಚುವ ಮೊದಲು ಮೂರು ಕೆಲಸ. ಪ್ಲಗ್ಗನ್ನು ಗೋಡೆಯಿಂದಲೇ ಕೀಳಿ, ಸ್ವಿಚ್ ಆಫ್ ಮಾಡಿದರೆ ಸಾಲದು. ಆಮೇಲೆ ಪವರ್ ಬಟನ್ ಅನ್ನು 10 ಸೆಕೆಂಡ್ ಒತ್ತಿ ಹಿಡಿಯಿರಿ, ಒಳಗೆ ಉಳಿದ ಕರೆಂಟು ಖಾಲಿಯಾಗುತ್ತದೆ. ಕೈಯನ್ನು ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹದ ಭಾಗಕ್ಕೆ ಮುಟ್ಟಿಸಿ, ಆಮೇಲೆ ಒಳಗಿನ ಭಾಗಗಳನ್ನು ಮುಟ್ಟಿ. ನಮ್ಮ ಒಣ ಹವೆಯಲ್ಲಿ ಮೈಮೇಲೆ ಸ್ಟ್ಯಾಟಿಕ್ ಕರೆಂಟು ಬೇಗ ಸೇರುತ್ತದೆ, ರ‍್ಯಾಮ್‌ಗೆ ಅದು ಒಳ್ಳೆಯದಲ್ಲ. ಯಾವ ವೈರ್ ಕೀಳುವ ಮೊದಲೂ ಒಂದು ಫೋಟೋ ತೆಗೆಯಿರಿ. ಎಸ್‌ಎಂಪಿಎಸ್‌ನ ಪೆಟ್ಟಿಗೆಯನ್ನು ಮಾತ್ರ ಎಂದಿಗೂ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರೊಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಉಳಿದಿರಬಹುದು.

ಏನೂ ಆಗ್ತಿಲ್ಲ: ಗೋಡೆಯಿಂದ ಶುರು ಮಾಡಿ

ಅದೇ ಸಾಕೆಟ್‌ಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ. ಅದು ಓಡಿದರೆ ಸಾಕೆಟ್ ಸರಿ ಇದೆ. ಎಕ್ಸ್‌ಟೆನ್ಷನ್ ಬಾಕ್ಸ್ ಇದ್ದರೆ ಅದನ್ನು ಬಿಟ್ಟು, ಯುಪಿಎಸ್ ಇದ್ದರೆ ಅದನ್ನೂ ಬಿಟ್ಟು, ಕಂಪ್ಯೂಟರ್ ಅನ್ನು ನೇರ ಗೋಡೆಗೆ ಹಾಕಿ. ಇಷ್ಟಕ್ಕೇ ಆನ್ ಆಯಿತಾ? ಹಾಗಾದರೆ ದೋಷ ಕಂಪ್ಯೂಟರಿನದಲ್ಲ.

ಯುಪಿಎಸ್ ಬಗ್ಗೆ ಒಂದು ಮಾತು. ಸಾಮಾನ್ಯ 600 ವಿಎ ಯುಪಿಎಸ್‌ನಲ್ಲಿ ಇರುವುದು 12 ವೋಲ್ಟ್, 7 ಆಂಪಿಯರ್-ಅವರ್ ಆಸುಪಾಸಿನ ಸೀಲ್ಡ್ ಬ್ಯಾಟರಿ. 25 ಡಿಗ್ರಿಯಲ್ಲಿ ಎರಡು-ಮೂರು ವರ್ಷ ಬಾಳುವ ಈ ಬ್ಯಾಟರಿಯ ಆಯಸ್ಸು, ಬಿಸಿ 10 ಡಿಗ್ರಿ ಏರಿದರೆ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ತಗಡಿನ ಶೀಟಿನ ಅಂಗಡಿಯಲ್ಲಿ ಎಷ್ಟು ದಿನ ಬಂದೀತು, ನೀವೇ ಲೆಕ್ಕ ಹಾಕಿ. ಎಷ್ಟೋ ಕಡೆ ಇಡೀ ಯುಪಿಎಸ್ ಬದಲಿಸುತ್ತಾರೆ, ಬ್ಯಾಟರಿ ಬದಲಿಸಿದ್ದರೆ ಸಾಕಾಗುತ್ತಿತ್ತು.

ಮುಂದೆ ಪವರ್ ಕಾರ್ಡ್. ಮಾನಿಟರ್‌ಗೆ ಬರುವ ಕಾರ್ಡೂ ಸಾಮಾನ್ಯವಾಗಿ ಅದೇ ತರಹದ್ದು, ಅದನ್ನು ಕ್ಯಾಬಿನೆಟ್‌ಗೆ ಹಾಕಿ ನೋಡಿ. ಇಲಿ ಕಡಿದ ಜಾಗ ಮೇಜಿನ ಹಿಂದೆ ಇದ್ದರೆ ಕಣ್ಣಿಗೆ ಬೀಳುವುದಿಲ್ಲ, ಕೈಯಲ್ಲಿ ಹಿಡಿದು ಪೂರ್ತಿ ನೋಡಿ. ಕ್ಯಾಬಿನೆಟ್ ಹಿಂದೆ ಎಸ್‌ಎಂಪಿಎಸ್ ಮೇಲೆ ಒಂದು ಸಣ್ಣ ಸ್ವಿಚ್ ಇರುತ್ತದೆ. ಗೆರೆ ಇರುವ ಕಡೆ ಒತ್ತಿದ್ದರೆ ಆನ್, ಸೊನ್ನೆ ಇರುವ ಕಡೆ ಒತ್ತಿದ್ದರೆ ಆಫ್. ಕಸ ಗುಡಿಸುವಾಗ ಕೈ ತಾಗಿ ಆಫ್ ಆಗಿದ್ದನ್ನು ಅಂಗಡಿವರೆಗೆ ಹೊತ್ತು ತರುವವರು ಕಡಿಮೆಯೇನಿಲ್ಲ. ಹಳೆಯ ಎಸ್‌ಎಂಪಿಎಸ್‌ಗಳಲ್ಲಿ 115 ಮತ್ತು 230 ಎಂದು ಬರೆದ ಕೆಂಪು ಸ್ವಿಚ್ ಕೂಡ ಇರುತ್ತದೆ. ನಮ್ಮ ದೇಶದಲ್ಲಿ ಅದು 230ರಲ್ಲೇ ಇರಬೇಕು. ಮಕ್ಕಳು ಅದನ್ನು 115ಕ್ಕೆ ತಿರುಗಿಸಿದರೆ, ಆನ್ ಮಾಡಿದ ಕೂಡಲೇ ಎಸ್‌ಎಂಪಿಎಸ್ ಢಂ ಅನ್ನುತ್ತದೆ.

ಅರ್ತಿಂಗ್: ಎಲ್ಲರೂ ಮರೆಯುವುದು ಇದನ್ನೇ

ಬರಿಗಾಲಲ್ಲಿ ನಿಂತು ಕ್ಯಾಬಿನೆಟ್‌ನ ಸ್ಕ್ರೂ ಮುಟ್ಟಿದಾಗ ಜುಮ್ ಅನ್ನುತ್ತದಾ? "ಸ್ವಲ್ಪ ಶಾಕ್ ಹೊಡಿಯುತ್ತೆ, ಅದು ಮೊದಲಿಂದಲೂ ಹಂಗೇ" ಅಂತ ನಗುತ್ತಾ ಹೇಳುವವರಿದ್ದಾರೆ. ಅದು ನಗುವ ವಿಷಯ ಅಲ್ಲ. ಎಸ್‌ಎಂಪಿಎಸ್‌ನ ಫಿಲ್ಟರ್ ಕೆಪಾಸಿಟರ್‌ಗಳ ಮೂಲಕ ಸಣ್ಣ ಪ್ರಮಾಣದ ಕರೆಂಟು ಕ್ಯಾಬಿನೆಟ್‌ಗೆ ಬರುತ್ತಲೇ ಇರುತ್ತದೆ, ಅದು ಅರ್ತ್ ವೈರಿನಲ್ಲಿ ಭೂಮಿಗೆ ಹೋಗಬೇಕು. ಅರ್ತ್ ಇಲ್ಲದಿದ್ದರೆ ನಿಮ್ಮ ಬೆರಳಲ್ಲಿ ಹೋಗುತ್ತದೆ. ಇಂಥ ಕಡೆ ಯುಎಸ್‌ಬಿ ಪೋರ್ಟ್ ಸುಡುವುದು, ಕಾರಣವಿಲ್ಲದೆ ರೀಸ್ಟಾರ್ಟ್ ಆಗುವುದು ಜಾಸ್ತಿ.

ಅರ್ತ್ ಗುಂಡಿ ತೋಡಿಸಿದ್ದೇವೆ ಅಂದರೂ ಬೇಸಿಗೆಯಲ್ಲಿ ಅದು ಕೆಲಸ ಮಾಡುತ್ತಿದೆ ಎಂದಲ್ಲ. ರಾಯಚೂರಿನ ಎರೆಮಣ್ಣು ಮಾರ್ಚ್ ಬಂತೆಂದರೆ ಬಿರುಕು ಬಿಡುತ್ತದೆ. ಒಣಗಿದ ಮಣ್ಣಿನಲ್ಲಿ ಕರೆಂಟು ಸರಿಯಾಗಿ ಇಳಿಯುವುದಿಲ್ಲ. ಗುಂಡಿಗೆ ಆಗಾಗ ಒಂದು ಕೊಡ ನೀರು ಹಾಕಿಸಿ. ಎಲೆಕ್ಟ್ರಿಷಿಯನ್ ಕರೆದು ಸಾಕೆಟ್‌ನಲ್ಲಿ ಮೂರು ಅಳತೆ ತೆಗೆಸಿ. ಫೇಸ್-ನ್ಯೂಟ್ರಲ್ ನಡುವೆ 230 ವೋಲ್ಟ್ ಆಸುಪಾಸು ಬರಬೇಕು, ಫೇಸ್-ಅರ್ತ್ ನಡುವೆಯೂ ಹೆಚ್ಚುಕಮ್ಮಿ ಅಷ್ಟೇ. ನ್ಯೂಟ್ರಲ್-ಅರ್ತ್ ನಡುವೆ ಕೆಲವೇ ವೋಲ್ಟ್ ಇದ್ದರೆ ಸರಿ. ಅಲ್ಲಿ ಹತ್ತಿಪ್ಪತ್ತು ವೋಲ್ಟ್ ಕಂಡರೆ ಮೊದಲು ವೈರಿಂಗ್ ಸರಿ ಮಾಡಿಸಿ, ಕಂಪ್ಯೂಟರ್ ರಿಪೇರಿ ಆಮೇಲೆ. ಮೀಟರ್ ಹಿಡಿದು ಅಭ್ಯಾಸ ಇಲ್ಲದವರು ಗೋಡೆಯ ಸಾಕೆಟ್‌ಗೆ ಕೈ ಹಾಕಬೇಡಿ.

ಹಳ್ಳಿಯ ಕಡೆ ಇನ್ನೊಂದು ಇದೆ. ಪಂಪ್‌ಸೆಟ್‌ಗೆ ತ್ರೀಫೇಸ್ ಬಂದು ಊರ ಬೋರ್‌ವೆಲ್‌ಗಳೆಲ್ಲ ಒಟ್ಟಿಗೆ ಶುರುವಾದರೆ ವೋಲ್ಟೇಜ್ ಕುಸಿಯುತ್ತದೆ. ಆ ಹೊತ್ತಿಗೆ ಮಾತ್ರ ಕಂಪ್ಯೂಟರ್ ಆನ್ ಆಗದೆ, ರಾತ್ರಿ ಸರಿಯಾಗಿ ಆನ್ ಆಗುತ್ತಿದ್ದರೆ ಬೇರೆ ಎಲ್ಲೂ ಹುಡುಕಬೇಡಿ, ಒಳ್ಳೆಯ ಸ್ಟೆಬಿಲೈಜರ್ ಹಾಕಿಸಿ.

ಎಸ್‌ಎಂಪಿಎಸ್ ಬದುಕಿದೆಯಾ?

ಕರೆಂಟು ಸರಿ ಇದೆ, ಆದರೂ ಏನೂ ಇಲ್ಲ. ಮೊದಲು ಬಟನ್ ನೋಡಿ. ಮುಂದಿನ ಪವರ್ ಬಟನ್‌ನಿಂದ ಒಂದು ತೆಳು ವೈರ್ ಮದರ್‌ಬೋರ್ಡಿನ ಮೂಲೆಗೆ ಹೋಗಿ ಎರಡು ಪಿನ್‌ಗೆ ಕೂರುತ್ತದೆ. ಆ ಕನೆಕ್ಟರ್ ಕಿತ್ತು, ಪ್ಲಗ್ ಹಾಕಿ, ಆ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಅರೆಕ್ಷಣ ಜೋಡಿಸಿ. ಇಲ್ಲಿರುವುದು ಬರೀ 3 ರಿಂದ 5 ವೋಲ್ಟ್, ಹೆದರಬೇಕಿಲ್ಲ. ಆದರೆ ಪಕ್ಕದ ಪಿನ್‌ಗಳಿಗೆ ತಾಗಿಸಬೇಡಿ, ಯಾವ ಎರಡು ಅನ್ನುವುದು ಬೋರ್ಡ್ ಮೇಲೆ ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಆನ್ ಆಯಿತು ಅಂದರೆ ಹೋಗಿರುವುದು ಬಟನ್ ಮಾತ್ರ. ರೀಸೆಟ್ ಬಟನ್‌ನ ವೈರ್ ಅನ್ನು ಅಲ್ಲಿಗೆ ಹಾಕಿ, ಇನ್ನು ಮೇಲೆ ಅದೇ ನಿಮ್ಮ ಪವರ್ ಬಟನ್. ಒಂದು ರೂಪಾಯಿ ಖರ್ಚಿಲ್ಲ.

ಆಗಲಿಲ್ಲ ಅಂದರೆ ಎಸ್‌ಎಂಪಿಎಸ್ ಅನ್ನು ಬಿಡಿಯಾಗಿ ಪರೀಕ್ಷಿಸಿ.

1. ಪ್ಲಗ್ ಕಿತ್ತು, ಮದರ್‌ಬೋರ್ಡ್, ಡಿಸ್ಕ್, ಗ್ರಾಫಿಕ್ಸ್ ಕಾರ್ಡ್‌ಗೆ ಹೋಗುವ ಎಲ್ಲ ಕನೆಕ್ಟರ್ ತೆಗೆಯಿರಿ. ಲೋಡ್‌ಗೆಂದು ಒಂದು ಕ್ಯಾಬಿನೆಟ್ ಫ್ಯಾನ್ ಮಾತ್ರ ಇರಲಿ.
2. 24 ಪಿನ್‌ನ ದೊಡ್ಡ ಕನೆಕ್ಟರ್‌ನಲ್ಲಿ ಒಂದೇ ಒಂದು ಹಸಿರು ವೈರ್ ಇರುತ್ತದೆ. ಪೇಪರ್ ಕ್ಲಿಪ್ ಬಗ್ಗಿಸಿ, ಹಸಿರು ವೈರಿನ ತೂತಿಗೂ ಯಾವುದಾದರೂ ಕಪ್ಪು ವೈರಿನ ತೂತಿಗೂ ಸೇರಿಸಿ. ಎಲ್ಲ ವೈರೂ ಕಪ್ಪಾಗಿರುವ ಹೊಸ ಮಾದರಿಯಾದರೆ ಊಹೆ ಬೇಡ, ಕಂಪನಿಯ ಚಿತ್ರ ನೋಡಿ 16ನೇ ಪಿನ್ ಹುಡುಕಿ.
3. ಕ್ಲಿಪ್‌ನಿಂದ ಕೈ ತೆಗೆದು ಕರೆಂಟು ಹಾಕಿ. ಫ್ಯಾನ್ ತಿರುಗಿದರೆ ಎಸ್‌ಎಂಪಿಎಸ್‌ಗೆ ಜೀವ ಇದೆ.
4. ಮಲ್ಟಿಮೀಟರ್ ಇದ್ದರೆ ಡಿಸಿ 20 ವೋಲ್ಟ್‌ಗೆ ಇಟ್ಟು ಕಪ್ಪು ವೈರಿಗೆ ಹೋಲಿಸಿ ಅಳೆಯಿರಿ. ಹಳದಿಯಲ್ಲಿ 11.4 ರಿಂದ 12.6, ಕೆಂಪಿನಲ್ಲಿ 4.75 ರಿಂದ 5.25, ಕಿತ್ತಳೆಯಲ್ಲಿ 3.14 ರಿಂದ 3.47 ವೋಲ್ಟ್ ಬರಬೇಕು. ನೇರಳೆ ವೈರಿನಲ್ಲಿ ಕ್ಲಿಪ್ ಇಲ್ಲದೆಯೂ 5 ವೋಲ್ಟ್ ಇರಬೇಕು.

ಫ್ಯಾನ್ ತಿರುಗಿತು ಅಂದ ಮಾತ್ರಕ್ಕೆ ಎಸ್‌ಎಂಪಿಎಸ್ ಗಟ್ಟಿಯಾಗಿದೆ ಎಂದಲ್ಲ, ಲೋಡ್ ಬಿದ್ದಾಗ ಕುಸಿಯುವವೂ ಇವೆ. ಬದಲಿಸುವುದೇ ಆದರೆ ಕೈಯಲ್ಲಿ ಎತ್ತಿ ತೂಕ ನೋಡಿ. 450 ವ್ಯಾಟ್ ಎಂದು ಸ್ಟಿಕರ್ ಹಚ್ಚಿದ ಹಗುರ ಡಬ್ಬ ಅಷ್ಟು ಕೊಡುವುದಿಲ್ಲ. ಕಂಪ್ಯೂಟರಿನಲ್ಲಿ ಯಾವುದಕ್ಕೆ ಬೇಕಾದರೂ ಜಿಪುಣತನ ಮಾಡಿ, ಎಸ್‌ಎಂಪಿಎಸ್‌ಗೆ ಮಾತ್ರ ಬೇಡ. ಅಗ್ಗದ್ದು ಸಾಯುವಾಗ ಬೋರ್ಡನ್ನೂ ಜೊತೆಗೆ ಕರೆದುಕೊಂಡು ಹೋಗಬಹುದು.

ಬಟನ್ ಒತ್ತಿದಾಗ ಫ್ಯಾನ್ ಒಮ್ಮೆ ಅಲುಗಿ ತಕ್ಷಣ ನಿಲ್ಲುತ್ತದಾ? ಎಲ್ಲೋ ಶಾರ್ಟ್ ಇದೆ, ಎಸ್‌ಎಂಪಿಎಸ್ ತನ್ನನ್ನು ಕಾಪಾಡಿಕೊಳ್ಳುತ್ತಿದೆ ಎಂದರ್ಥ. ಪ್ರಿಂಟರ್, ಪೆನ್‌ಡ್ರೈವ್, ಬೆರಳಗುರುತು ಓದುವ ಮೆಷಿನ್ ಎಲ್ಲ ಕೀಳಿ. ಮುಂದಿನ ಯುಎಸ್‌ಬಿ ಪೋರ್ಟ್ ಒಳಗೆ ಟಾರ್ಚ್ ಬಿಟ್ಟು ನೋಡಿ, ಪಿನ್ ಬಗ್ಗಿ ಒಂದಕ್ಕೊಂದು ತಾಗಿದ್ದರೆ ಇದೇ ಲಕ್ಷಣ. ಆಮೇಲೆ ಡಿಸ್ಕ್, ಗ್ರಾಫಿಕ್ಸ್ ಕಾರ್ಡ್ ಒಂದೊಂದಾಗಿ ತೆಗೆದು, ಪ್ರತಿ ಸಲ ಆನ್ ಮಾಡಿ ನೋಡಿ. ಯಾವುದನ್ನು ತೆಗೆದಾಗ ಆನ್ ಆಯಿತೋ ಅದೇ ಕಳ್ಳ. ಬೋರ್ಡಿನ ಮೇಲೂ ಕಣ್ಣಾಡಿಸಿ. ಕ್ಯಾಬಿನೆಟ್ ಹಿಂದಿನ ಖಾಲಿ ಸ್ಲಾಟ್‌ಗಳಿಗೆ ಪಟ್ಟಿ ಹಾಕದೆ ಬಿಟ್ಟಿದ್ದರೆ ಹಲ್ಲಿ ಒಳಗೆ ಹೋಗಿ ಸತ್ತಿರುತ್ತದೆ, ಇರುವೆ ಗೂಡು ಕಟ್ಟಿರುತ್ತದೆ.

ಫ್ಯಾನ್ ಇದೆ, ಪರದೆ ಕಪ್ಪು

ಮಾನಿಟರ್‌ನಲ್ಲಿ "ನೋ ಸಿಗ್ನಲ್" ಅಂತ ಬಂದರೆ ಮಾನಿಟರ್ ಬದುಕಿದೆ, ಅದಕ್ಕೆ ಚಿತ್ರ ತಲುಪುತ್ತಿಲ್ಲ ಅಷ್ಟೇ. ಕೇಬಲ್ ಎರಡೂ ಕಡೆ ಕಿತ್ತು ಮತ್ತೆ ಕೂರಿಸಿ. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೇಬಲ್ ಆ ಕಾರ್ಡ್‌ಗೇ ಹೋಗಬೇಕು, ಬೋರ್ಡಿನ ಪೋರ್ಟ್‌ಗಲ್ಲ. ಜಾಗ ಬದಲಿಸಿ ಮತ್ತೆ ಜೋಡಿಸಿದಾಗ ಈ ಎಡವಟ್ಟು ಆಗುತ್ತದೆ.

ಈಗ ಒಂದು ಸುಲಭ ಪರೀಕ್ಷೆ. ಆನ್ ಮಾಡಿ ಅರ್ಧ ನಿಮಿಷ ಬಿಟ್ಟು ಕೀಬೋರ್ಡಿನ ನಮ್‌ಲಾಕ್ ಒತ್ತಿ. ಅದರ ಲೈಟ್ ಹತ್ತಿ ಆರಿದರೆ ಕಂಪ್ಯೂಟರ್ ಒಳಗೆ ಓಡುತ್ತಿದೆ, ಚಿತ್ರ ಮಾತ್ರ ಬರುತ್ತಿಲ್ಲ. ಬೇರೆ ಕೇಬಲ್, ಬೇರೆ ಮಾನಿಟರ್ ಹಾಕಿ ನೋಡಿ. ಟಿವಿಗೆ ಎಚ್‌ಡಿಎಂಐನಲ್ಲಿ ಹಾಕಿದರೂ ನಡೆಯುತ್ತದೆ. ಲೈಟ್ ಅಲುಗದಿದ್ದರೆ ಬೋರ್ಡ್ ಶುರುವಿನಲ್ಲೇ ಸಿಕ್ಕಿಕೊಂಡಿದೆ. ಆಗ ರ‍್ಯಾಮ್‌ಗೆ ಬನ್ನಿ.

ನಮ್ಮ ಧೂಳಿನ ಊರುಗಳಲ್ಲಿ ಕಪ್ಪು ಪರದೆಗೆ ನಾನು ಮೊದಲು ಹಿಡಿಯುವುದು ರ‍್ಯಾಮ್ ಅನ್ನೇ. ಸ್ಲಾಟ್‌ನ ಎರಡೂ ತುದಿಯ ಕ್ಲಿಪ್ ಹೊರಕ್ಕೆ ಒತ್ತಿದರೆ ರ‍್ಯಾಮ್ ಮೇಲೆ ಬರುತ್ತದೆ. ಅಂಚಿನ ಹೊಂಬಣ್ಣದ ಪಟ್ಟಿಗಳನ್ನು ಬೆಳಕಿಗೆ ಹಿಡಿದು ನೋಡಿ, ಮಂಕಾಗಿ ಕಲೆ ಕಟ್ಟಿರುತ್ತದೆ. ಬಿಳಿ ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಒಂದೇ ದಿಕ್ಕಿಗೆ ಉಜ್ಜಿ, ರಬ್ಬರಿನ ಪುಡಿಯನ್ನು ಬ್ರಷ್‌ನಿಂದ ಪೂರ್ತಿ ತೆಗೆಯಿರಿ. ಐಸೊಪ್ರೊಪೈಲ್ ಆಲ್ಕೋಹಾಲ್ ಇದ್ದರೆ ಅದರಲ್ಲಿ ಒರೆಸುವುದು ಇನ್ನೂ ಒಳ್ಳೆಯದು. ಸ್ಲಾಟ್‌ನ ಒಳಗೆ ಬಾಯಿಂದ ಊದಬೇಡಿ, ಎಂಜಲಿನ ತೇವ ಸೇರುತ್ತದೆ. ಒಣ ಬ್ರಷ್ ಸಾಕು. ಕೂರಿಸುವಾಗ ಕೆಳಗಿನ ಕಚ್ಚು ಹೊಂದಿಸಿ, ಎರಡೂ ತುದಿ ಟಕ್ ಎನ್ನುವವರೆಗೆ ಒತ್ತಿ. ಹೆದರಿ ಅರ್ಧ ಒತ್ತಿ ಬಿಟ್ಟರೆ ಮತ್ತೆ ಅದೇ ಕಪ್ಪು ಪರದೆ.

ಎರಡು ರ‍್ಯಾಮ್ ಇದ್ದರೆ ಒಂದನ್ನೇ ಹಾಕಿ ನೋಡಿ, ಆಮೇಲೆ ಇನ್ನೊಂದನ್ನು. ಸ್ಲಾಟ್ ಬದಲಿಸಿಯೂ ನೋಡಿ. ನಾಲ್ಕು ಸ್ಲಾಟ್ ಇರುವ ಬೋರ್ಡ್‌ಗಳಲ್ಲಿ ಒಂಟಿ ರ‍್ಯಾಮ್‌ಗೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯದು ಸರಿಯಾದ ಜಾಗ. ಪಕ್ಕದವರ ರ‍್ಯಾಮ್ ತಂದು ಪರೀಕ್ಷಿಸುವಾಗ ನೆನಪಿರಲಿ, ಡಿಡಿಆರ್3 ಬೋರ್ಡಿಗೆ ಡಿಡಿಆರ್4 ಹೋಗುವುದಿಲ್ಲ. ಕಚ್ಚಿನ ಜಾಗವೇ ಬೇರೆ, ಒತ್ತಿ ಮುರಿಯಬೇಡಿ.

ಬೋರ್ಡ್‌ಗೆ ಸಣ್ಣ ಸ್ಪೀಕರ್ ಇದ್ದರೆ ಬೀಪ್ ಕೇಳುತ್ತದೆ. ನಿಲ್ಲದೆ ಬೀಪ್ ಬಂದರೆ ಹೆಚ್ಚಾಗಿ ರ‍್ಯಾಮ್. ಒಂದು ಉದ್ದ, ಎರಡು ಗಿಡ್ಡ ಬಂದರೆ ಬಹಳ ಬೋರ್ಡ್‌ಗಳಲ್ಲಿ ಗ್ರಾಫಿಕ್ಸ್. ಕಂಪನಿಯಿಂದ ಕಂಪನಿಗೆ ಲೆಕ್ಕ ಬೇರೆ, ಮಾದರಿಯ ಹೆಸರು ಹಾಕಿ ಹುಡುಕಿ. ಕೆಲವು ಹೊಸ ಬೋರ್ಡ್‌ಗಳಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂದು ಬರೆದ ನಾಲ್ಕು ಪುಟಾಣಿ ಲೈಟ್ ಇರುತ್ತವೆ. ಯಾವುದು ಆರದೆ ಉಳಿಯಿತೋ ತೊಂದರೆ ಅಲ್ಲಿ.

ಒಂದು ಕನೆಕ್ಟರ್ ಬಗ್ಗೆ ಹೇಳಲೇಬೇಕು. ಪ್ರೊಸೆಸರ್ ಪಕ್ಕದಲ್ಲಿ 4 ಅಥವಾ 8 ಪಿನ್‌ನ ಪ್ರತ್ಯೇಕ ಪವರ್ ಕನೆಕ್ಟರ್ ಇರುತ್ತದೆ. ಇದು ಸಡಿಲವಾಗಿದ್ದರೂ ಫ್ಯಾನ್‌ಗಳು ಜೋರಾಗಿ ತಿರುಗುತ್ತವೆ, ಚಿತ್ರ ಮಾತ್ರ ಬರುವುದಿಲ್ಲ. ಎಸ್‌ಎಂಪಿಎಸ್ ಬದಲಿಸಿದ ಮೇಲೆ ಕಪ್ಪು ಪರದೆ ಬಂದರೆ ಮೊದಲು ನೋಡಬೇಕಾದ್ದು ಇದು.

ಆನ್ ಆಗಿ ಆಫ್ ಆಗುತ್ತೆ

ರಾಯಚೂರಿನ ಹತ್ತಿ ವ್ಯಾಪಾರದ ಅಂಗಡಿಗಳಿಂದ ಬರುವ ಕಂಪ್ಯೂಟರುಗಳ ಪ್ರೊಸೆಸರ್ ಫ್ಯಾನ್ ಬಿಚ್ಚಿದರೆ, ಅದರ ಕೆಳಗೆ ಬಿಸಿ ಹೀರುವ ಹೀಟ್‌ಸಿಂಕ್‌ನ ತಗಡುಗಳು ಕಾಣುವುದೇ ಇಲ್ಲ. ಹತ್ತಿಯ ಎಳೆ, ಧೂಳು ಸೇರಿ ಒತ್ತಾಗಿ ಕೂತು, ಬೆರಳಲ್ಲಿ ಎತ್ತಿದರೆ ಕಂಬಳಿಯ ತುಂಡಿನ ಹಾಗೆ ಒಂದೇ ಪದರವಾಗಿ ಬರುತ್ತದೆ. ಮೇಲಿನಿಂದ ನೋಡಿದರೆ ಫ್ಯಾನ್ ಚೆನ್ನಾಗಿಯೇ ತಿರುಗುತ್ತಿರುತ್ತದೆ. ಗಾಳಿ ಮಾತ್ರ ಕೆಳಗೆ ಇಳಿಯುವುದಿಲ್ಲ. ಪ್ರೊಸೆಸರ್ 100 ಡಿಗ್ರಿ ಹತ್ತಿರ ಹೋದಾಗ ಮೊದಲು ವೇಗ ಇಳಿಸುತ್ತದೆ, ಅದಕ್ಕೂ ಬಗ್ಗದಿದ್ದರೆ ತಾನೇ ಆಫ್ ಆಗುತ್ತದೆ. ಕೋಣೆಯೇ 42 ಡಿಗ್ರಿ ಇದ್ದರೆ ಆ ಗೆರೆ ಬೇಗ ಬರುತ್ತದೆ.

ಶುಚಿ ಮಾಡುವ ಕ್ರಮ: ಕ್ಯಾಬಿನೆಟ್ ಅನ್ನು ಹೊರಗೆ ಅಂಗಳಕ್ಕೆ ತನ್ನಿ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ. ಗಾಳಿಗೆ ಅತಿವೇಗದಲ್ಲಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ, ಬೋರ್ಡಿಗೆ ಉಲ್ಟಾ ಕರೆಂಟು ಹೋಗುವ ಅಪಾಯವೂ ಇದೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್‌ಗೆ ಒಯ್ಯಬೇಡಿ. ಅದರ ಗಾಳಿಯಲ್ಲಿ ನೀರಿನ ತೇವ, ಎಣ್ಣೆಯ ಹನಿ ಎರಡೂ ಇರುತ್ತವೆ, ಒತ್ತಡವೂ ಜಾಸ್ತಿ. ಹತ್ತಿಯ ಸೀಸನ್‌ನಲ್ಲಿ ಮಾರುಕಟ್ಟೆ ಸುತ್ತಲಿನವರು, ಭತ್ತದ ಸುಗ್ಗಿಯಲ್ಲಿ ಮಿಲ್ ಪಕ್ಕದವರು ತಿಂಗಳಿಗೊಮ್ಮೆ, ಉಳಿದವರು ಮೂರು ತಿಂಗಳಿಗೊಮ್ಮೆ ಮಾಡಿದರೆ ಸಾಕು.

ಆನ್ ಆದ ಕೆಲವೇ ಸೆಕೆಂಡಿನಲ್ಲಿ ಆಫ್ ಆದರೆ ಹೀಟ್‌ಸಿಂಕ್ ಎದ್ದಿರಬಹುದು. ಇಂಟೆಲ್‌ನ ಜೊತೆಗೆ ಬರುವ ಹಳೆಯ ಮಾದರಿಯ ಕೂಲರ್‌ಗಳಿಗೆ ನಾಲ್ಕು ಪ್ಲಾಸ್ಟಿಕ್ ಪುಶ್‌ಪಿನ್ ಇರುತ್ತವೆ. ಬೈಕಿನ ಮೇಲೆ ಕ್ಯಾಬಿನೆಟ್ ಒಯ್ದಾಗ ಒಂದು ಪಿನ್ ಕಳಚಿದರೂ ಸಾಕು. ಕೂಲರ್ ತೆಗೆದರೆ ಹಳೆಯ ಥರ್ಮಲ್ ಪೇಸ್ಟ್ ಪೂರ್ತಿ ಒರೆಸಿ, ಪ್ರೊಸೆಸರ್ ನಡುವೆ 4-5 ಮಿಲಿಮೀಟರ್ ಅಗಲದ ಒಂದೇ ಹನಿ ಹೊಸದು ಹಾಕಿ. ಬಳಿಯಬೇಡಿ, ಕೂಲರ್ ಒತ್ತಿದಾಗ ತಾನೇ ಹರಡುತ್ತದೆ. ಎಎಂಡಿ ರೈಜೆನ್‌ನ ಎಎಂ4 ಬೋರ್ಡ್‌ಗಳಲ್ಲಿ ಕೂಲರ್ ನೇರ ಮೇಲಕ್ಕೆ ಎಳೆದರೆ ಪ್ರೊಸೆಸರ್ ಅದಕ್ಕೇ ಅಂಟಿಕೊಂಡು ಸಾಕೆಟ್‌ನಿಂದ ಕಿತ್ತು ಬರಬಹುದು, ಪಿನ್ ಬಗ್ಗಬಹುದು. ಎಡಕ್ಕೆ ಬಲಕ್ಕೆ ನಿಧಾನ ಹೊರಳಿಸಿ ಬಿಡಿಸಿ.

ಬೋರ್ಡ್ ಮೇಲೆ ಪ್ರೊಸೆಸರ್ ಸುತ್ತಲಿನ ಸಿಲಿಂಡರ್ ಆಕಾರದ ಕೆಪಾಸಿಟರ್‌ಗಳ ತಲೆ ಚಪ್ಪಟೆ ಇದೆಯಾ ನೋಡಿ. ಉಬ್ಬಿದ್ದರೆ, ಕಂದು ದ್ರವ ಒಸರಿದ್ದರೆ ಇನ್ನು ಮುಂದೆ ನಿಮ್ಮ ಕೆಲಸ ಅಲ್ಲ, ಬೆಸುಗೆ ಗೊತ್ತಿರುವವರಿಗೆ ಕೊಡಿ.

ಲೋಗೋ ಬಂತು, ಅಲ್ಲೇ ನಿಂತಿತು

ಎಫ್1 ಒತ್ತಿ ಎಂದು ಕೇಳುತ್ತಿದ್ದರೆ, ತಾರೀಖು ಹಳೆಯ ವರ್ಷಕ್ಕೆ ಹೋಗಿದ್ದರೆ, ಬೋರ್ಡಿನ ಸಿಆರ್2032 ಬ್ಯಾಟರಿ ಮುಗಿದಿದೆ. ನಾಣ್ಯದ ಗಾತ್ರದ ಈ 3 ವೋಲ್ಟ್ ಬ್ಯಾಟರಿ ಯಾವ ವಾಚ್ ಅಂಗಡಿಯಲ್ಲೂ ಸಿಗುತ್ತದೆ. ರಾತ್ರಿ ಮೇನ್ ಸ್ವಿಚ್ ಇಳಿಸಿ ಮನೆಗೆ ಹೋಗುವ ಅಂಗಡಿಗಳಲ್ಲಿ ಇದು ಬೇಗ ಖಾಲಿಯಾಗುತ್ತದೆ. ಪ್ಲಗ್‌ನಲ್ಲಿ ಕರೆಂಟು ಇದ್ದಾಗ ಬೋರ್ಡಿನ ಗಡಿಯಾರ ಅದರಿಂದಲೇ ಓಡುತ್ತದೆ, ಇಲ್ಲದಾಗ ಬ್ಯಾಟರಿ ತಿನ್ನುತ್ತದೆ. ತಾರೀಖು ತಪ್ಪಿದ್ದರೆ ವಿಂಡೋಸ್ ಬಂದರೂ ಬ್ಯಾಂಕಿನ, ಸರ್ಕಾರದ ವೆಬ್‌ಸೈಟ್‌ಗಳು ತೆರೆಯುವುದಿಲ್ಲ, ಭದ್ರತಾ ಎಚ್ಚರಿಕೆ ತೋರಿಸುತ್ತವೆ. ಜನ ಇಂಟರ್ನೆಟ್ ಸರಿಯಿಲ್ಲ ಅಂದುಕೊಳ್ಳುತ್ತಾರೆ.

ಈ ಬ್ಯಾಟರಿ ಹೋದರೆ ಬಯೋಸ್ (ವಿಂಡೋಸ್‌ಗೂ ಮೊದಲು ಓಡುವ ಬೋರ್ಡಿನ ಪ್ರೋಗ್ರಾಂ) ಸೆಟ್ಟಿಂಗ್ ಕೂಡ ಕಂಪನಿ ಕೊಟ್ಟ ಸ್ಥಿತಿಗೆ ಮರಳುತ್ತದೆ. ನಿನ್ನೆವರೆಗೆ ಓಡುತ್ತಿದ್ದ ವಿಂಡೋಸ್ ಬ್ಯಾಟರಿ ಬದಲಿಸಿದ ಕೂಡಲೇ ನೀಲಿ ಪರದೆ ತೋರಿಸಿ "ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್" ಎಂದರೆ ವಿಂಡೋಸ್ ಹಾಳಾಗಿಲ್ಲ. ಆನ್ ಆಗುವಾಗ ಡಿಲೀಟ್ ಅಥವಾ ಎಫ್2 ಒತ್ತಿ ಬಯೋಸ್‌ಗೆ ಹೋಗಿ, ಸಾಟಾ ಮೋಡ್ (ಬೋರ್ಡ್ ಡಿಸ್ಕ್ ಜೊತೆ ಮಾತಾಡುವ ರೀತಿ) ಎಂಬಲ್ಲಿ ಐಡಿಇ ಇದ್ದರೆ ಎಎಚ್‌ಸಿಐ ಮಾಡಿ, ಅದು ಎಎಚ್‌ಸಿಐ ಇದ್ದರೆ ಇನ್ನೊಂದನ್ನು ಪ್ರಯತ್ನಿಸಿ. "ಬೂಟ್ ಡಿವೈಸ್ ಇಲ್ಲ" ಎಂದರೆ ಯುಇಎಫ್‌ಐ ಮತ್ತು ಲೆಗಸಿ ಎಂಬ ಎರಡು ಬೂಟ್ ವಿಧಾನಗಳ ಆಯ್ಕೆ ಬದಲಿಸಿ ನೋಡಿ. ಈ ಎರಡು ಸೆಟ್ಟಿಂಗ್ ಗೊತ್ತಿಲ್ಲದೆ ಎಷ್ಟು ವಿಂಡೋಸ್‌ಗಳು ಸುಮ್ನೆ ಫಾರ್ಮ್ಯಾಟ್ ಆಗಿವೆಯೋ!

ಹಾಗೇ, ಮೊದಲು ಪೆನ್‌ಡ್ರೈವ್ ಕಿತ್ತು ನೋಡಿ. ಗಿರಾಕಿಯ ಪೆನ್‌ಡ್ರೈವ್‌ನಿಂದ ಬೂಟ್ ಆಗಲು ಹೋಗಿ ಕಂಪ್ಯೂಟರ್ ನಿಂತಿರುತ್ತದೆ.

ಬಯೋಸ್‌ನಲ್ಲಿ ಡಿಸ್ಕ್‌ನ ಹೆಸರು ಕಾಣುತ್ತಿದೆಯಾ? ಕಾಣದಿದ್ದರೆ ಸಾಟಾ ಕೇಬಲ್ ಬದಲಿಸಿ, ಬೋರ್ಡಿನ ಬೇರೆ ಪೋರ್ಟ್‌ಗೆ ಹಾಕಿ. ಹಾರ್ಡ್‌ಡಿಸ್ಕ್ ಟಿಕ್ ಟಿಕ್ ಎಂದು ಒಂದೇ ಲಯದಲ್ಲಿ ಸದ್ದು ಮಾಡುತ್ತಿದ್ದರೆ ತಕ್ಷಣ ಆಫ್ ಮಾಡಿ. ಮತ್ತೆ ಮತ್ತೆ ಆನ್ ಮಾಡಿದಷ್ಟೂ ಡೇಟಾ ಉಳಿಯುವ ಸಾಧ್ಯತೆ ಕಮ್ಮಿ.

ವಿಂಡೋಸ್ ಎದ್ದೇಳದಿದ್ದರೆ

ವಿಂಡೋಸ್ 10, 11 ಸತತವಾಗಿ ಶುರುವಾಗಲು ಸೋತರೆ ತಾನೇ ರಿಪೇರಿ ಪರದೆಗೆ ಹೋಗುತ್ತದೆ. ಹೋಗದಿದ್ದರೆ, ವಿಂಡೋಸ್ ಲೋಗೋ ಬರುವಾಗ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಹೀಗೆ ಎರಡು-ಮೂರು ಸಲ ಮಾಡಿದರೆ ಬರುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್ ಒಳಗೆ ಹೋಗಿ. ಮೊದಲು ಸ್ಟಾರ್ಟಪ್ ರಿಪೇರ್. ಅಪ್‌ಡೇಟ್ ಆದ ಮೇಲೆ ಕೆಟ್ಟಿದ್ದರೆ ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್. ಆಮೇಲೆ ಸಿಸ್ಟಮ್ ರಿಸ್ಟೋರ್. ಸ್ಟಾರ್ಟಪ್ ಸೆಟ್ಟಿಂಗ್ಸ್‌ನಲ್ಲಿ ರೀಸ್ಟಾರ್ಟ್ ಕೊಟ್ಟು 4 ಒತ್ತಿದರೆ ಸೇಫ್ ಮೋಡ್. ಅಲ್ಲಿ ಆನ್ ಆದರೆ ಇತ್ತೀಚೆಗೆ ಹಾಕಿದ ಡ್ರೈವರ್ ಅಥವಾ ಸಾಫ್ಟ್‌ವೇರ್ ತೆಗೆಯಿರಿ. ಬಿಟ್‌ಲಾಕರ್ (ಡಿಸ್ಕ್‌ಗೆ ವಿಂಡೋಸ್ ಹಾಕುವ ಬೀಗ) ಕೀ ಕೇಳಿದರೆ, ಆ 48 ಅಂಕಿಗಳು ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತವೆ, ಮೊಬೈಲಿನಿಂದಲೇ ಲಾಗಿನ್ ಆಗಿ ನೋಡಬಹುದು.

ಇಷ್ಟೂ ಸೋತರೆ ಫಾರ್ಮ್ಯಾಟ್. ಆದರೆ ಮೊದಲು ಡೇಟಾ. "ನನ್ನ ಫೈಲೆಲ್ಲ ಡಿ ಡ್ರೈವ್‌ನಲ್ಲಿದೆ, ಸಿ ಹೊಡೀರಿ" ಎಂದು ಧೈರ್ಯವಾಗಿ ಹೇಳುತ್ತಾರೆ. ಡೆಸ್ಕ್‌ಟಾಪ್ ಮೇಲೆ ಇಟ್ಟಿದ್ದೆಲ್ಲ ಸಿ ಡ್ರೈವ್‌ನಲ್ಲೇ ಇರುವುದು, ಡೌನ್‌ಲೋಡ್ಸ್ ಕೂಡ. ಟ್ಯಾಲಿಯ ಡೇಟಾ ಫೋಲ್ಡರ್ ಹಲವು ಕಡೆ ಸಿ ಯಲ್ಲೇ ಇರುತ್ತದೆ. ಡಿಟಿಪಿ ಅಂಗಡಿಯವರು ಕಷ್ಟಪಟ್ಟು ಕೂಡಿಟ್ಟ ನುಡಿ, ಶ್ರೀಲಿಪಿ ಫಾಂಟುಗಳೂ ಅಲ್ಲೇ. ಲಗ್ನಪತ್ರಿಕೆಯ ಸೀಸನ್‌ನಲ್ಲಿ ಹಳೆಯ ಡಿಸೈನ್ ಫೈಲ್ ತೆರೆದಾಗ ಅಕ್ಷರವೆಲ್ಲ ಚಲ್ಲಾಪಿಲ್ಲಿಯಾದರೆ ಗೊತ್ತಾಗುತ್ತದೆ ಏನು ಹೋಯಿತು ಅಂತ.

ಡೇಟಾ ತೆಗೆಯಲು ಎರಡು ದಾರಿ. ಡಿಸ್ಕ್ ಬಿಚ್ಚಿ ಸಾಟಾ-ಯುಎಸ್‌ಬಿ ಕೇಬಲ್‌ನಿಂದ ಬೇರೆ ಕಂಪ್ಯೂಟರಿಗೆ ಹಾಕುವುದು ಒಂದು. ಇನ್ನೊಂದು, ಸ್ನೇಹಿತರ ಕಂಪ್ಯೂಟರಿನಲ್ಲಿ 8 ಜಿಬಿ ಪೆನ್‌ಡ್ರೈವ್‌ಗೆ ಉಬುಂಟು ಅಥವಾ ಲಿನಕ್ಸ್ ಮಿಂಟ್ ಹಾಕಿಸಿಕೊಂಡು, ಅದರಿಂದ ಬೂಟ್ ಮಾಡಿ, ಇನ್‌ಸ್ಟಾಲ್ ಒತ್ತದೆ ಸುಮ್ನೆ ತೆರೆದು ಫೈಲ್‌ಗಳನ್ನು ಹೊರಗಿನ ಡಿಸ್ಕ್‌ಗೆ ಕಾಪಿ ಮಾಡುವುದು. ಪೈಸೆ ಖರ್ಚಿಲ್ಲದ ದಾರಿ ಇದು. ಒಂದು ಲಾಭ ಜಾಸ್ತಿ: ಲಿನಕ್ಸ್ ಚೆನ್ನಾಗಿ ಓಡಿದರೆ ಬೋರ್ಡ್, ರ‍್ಯಾಮ್, ಪ್ರೊಸೆಸರ್ ಹೆಚ್ಚುಕಮ್ಮಿ ಸರಿ ಇವೆ ಎಂದೂ ಗೊತ್ತಾಯಿತು.

ವಿಂಡೋಸ್ ಹೊಸದಾಗಿ ಹಾಕುವಾಗ ಗಮನಿಸಿ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರಿನ ಪ್ರೊಸೆಸರ್ ಅಥವಾ ಅದಕ್ಕಿಂತ ಹೊಸದು. ಮೂರನೇ, ನಾಲ್ಕನೇ ತಲೆಮಾರಿನ ಹಳೆಯ ಡಬ್ಬಕ್ಕೆ ದುಡ್ಡು ಸುರಿಯುವ ಮೊದಲು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಅಂಗಡಿಗೆ ಒಯ್ಯುವುದೇ ಆದರೆ

ಸುಟ್ಟ ವಾಸನೆ, ಉಬ್ಬಿದ ಕೆಪಾಸಿಟರ್, ಟಿಕ್ ಟಿಕ್ ಡಿಸ್ಕ್, ಸಿಡಿಲು ಬಡಿದ ಮರುದಿನ ಸತ್ತ ಬೋರ್ಡ್, ಇವು ಮನೆಯಲ್ಲಿ ಮಾಡುವ ಕೆಲಸ ಅಲ್ಲ. ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲಿ ಪ್ಲಗ್ ಕಿತ್ತರೆ ಸಾಲದು, ಲ್ಯಾನ್ ಕೇಬಲ್ಲನ್ನೂ ಕೀಳಿ. ಇಂಟರ್ನೆಟ್ ವೈರಿನ ದಾರಿಯಲ್ಲೇ ಎಷ್ಟೋ ಬೋರ್ಡ್ ಸುಟ್ಟಿವೆ.

ಅಂಗಡಿಯಲ್ಲಿ "ಆನ್ ಆಗ್ತಿಲ್ಲ" ಅನ್ನುವ ಬದಲು, ಎಲ್ಲಿ ನಿಲ್ಲುತ್ತದೆ, ಏನೇನು ಬದಲಿಸಿ ನೋಡಿದಿರಿ, ಪರದೆಯ ಮೇಲೆ ಏನು ಬಂತು, ಇಷ್ಟನ್ನು ಹೇಳಿ, ಫೋಟೋ ತೋರಿಸಿ. ರ‍್ಯಾಮ್ ಎಷ್ಟು ಜಿಬಿ, ಡಿಸ್ಕ್ ಯಾವ ಕಂಪನಿಯದು, ಸೀರಿಯಲ್ ನಂಬರ್ ಏನು ಎಂಬುದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ನಿಮ್ಮನ್ನು ಕೇಳದೆ ಫಾರ್ಮ್ಯಾಟ್ ಮಾಡಬಾರದು ಎಂದೂ ಅದೇ ಚೀಟಿಯಲ್ಲಿ ಬರೆಸಿ. ಬದಲಿಸಿದ ಹಳೆಯ ಭಾಗವನ್ನು ವಾಪಸ್ ಕೇಳಿ. ಡಿಸ್ಕ್‌ನಲ್ಲಿ ಗಿರಾಕಿಗಳ ಆಧಾರ್, ಪಾಸ್‌ಬುಕ್ ಸ್ಕ್ಯಾನ್‌ಗಳಿದ್ದು ದೋಷ ಎಸ್‌ಎಂಪಿಎಸ್‌ನದೋ ರ‍್ಯಾಮ್‌ನದೋ ಎಂದು ನಿಮಗೆ ಗೊತ್ತಾಗಿದ್ದರೆ, ಡಿಸ್ಕ್ ಬಿಚ್ಚಿ ಮನೆಯಲ್ಲಿಟ್ಟು ಉಳಿದಿದ್ದನ್ನು ಒಯ್ಯಿರಿ. ಬಯೋಸ್‌ವರೆಗೆ ಬರುವಂತೆ ಮಾಡಲು ಅವರಿಗೆ ಡಿಸ್ಕ್ ಬೇಕಿಲ್ಲ.